ಬಿರುಗಾಳಿ ಮಳೆಯಿಂದ ರೈತರ ಮನೆಗೆ ಹಾನಿಯಾದಾಗ ಅನುಸರಿಸಬೇಕಾದ ಕ್ರಮಗಳು

ಏಪ್ರಿಲ್–ಮೇ ತಿಂಗಳುಗಳಲ್ಲಿ, ಅಂದರೆ ಅಶ್ವಿನಿ, ಭರಣಿ ಹಾಗೂ ಕೃತ್ತಿಕಾ ಮಳೆಗಳ ಕಾಲದಲ್ಲಿ, ಕರ್ನಾಟಕದ ಒಳನಾಡಿನಲ್ಲಿ ಗುಡುಗು, ಆಲಿಕಲ್ಲು ಸಹಿತ ಬಿರುಗಾಳಿ ಏಳುವುದು ಸಾಮಾನ್ಯ. ಕರಾವಳಿಗೆ ಅರಬ್ಬೀ ಸಮುದ್ರದ ಚಂಡಮಾರುತಗಳ ಭಯವೂ ಇದೆ. 2021ರ ಮೇ ತಿಂಗಳ ತೌಕ್ತೆ ಇದಕ್ಕೆ ನಿದರ್ಶನ. ರೈತನ ಮನೆ ಕೇವಲ ವಾಸಸ್ಥಳವಲ್ಲ. ಬಿತ್ತನೆ ಬೀಜ, ವರ್ಷದ ಕಾಳು, ಗೊಬ್ಬರ, ಪಹಣಿ ಪತ್ರಗಳು ಹಾಗೂ ಹಲವೆಡೆ ಜಾನುವಾರುಗಳೂ ಅದೇ ಸೂರಿನಡಿ ಇರುತ್ತವೆ. ಗಾಳಿ ನಿಂತ ಕೂಡಲೇ ಹಾರಿಹೋದ ಹೆಂಚು, ತಗಡುಗಳನ್ನು ಸರಿಪಡಿಸಲು ಮಾಳಿಗೆ ಏರುವವರೇ ಹೆಚ್ಚು. ಇದು ಅಪಾಯಕಾರಿ. ಮೊದಲು ಜೀವರಕ್ಷಣೆ, ನಂತರ ಹಾನಿಯ ದಾಖಲೆ, ಆಮೇಲೆ ಧಾನ್ಯ ಮತ್ತು ಮೇವಿನ ಸಂರಕ್ಷಣೆ, ಕೊನೆಗೆ ಶಾಶ್ವತ ದುರಸ್ತಿ ಎಂಬ ಕ್ರಮವನ್ನು ಪಾಲಿಸುವುದು ಸೂಕ್ತ.

1. ಮೊದಲ ಕೆಲವು ಗಂಟೆಗಳು

• ತುಂಡಾಗಿ ಬಿದ್ದ ವಿದ್ಯುತ್ ತಂತಿಯಲ್ಲಿ ವಿದ್ಯುತ್ ಇದೆಯೆಂದೇ ಭಾವಿಸಬೇಕು. ಕನಿಷ್ಠ 10 ಮೀಟರ್ ದೂರದಲ್ಲಿದ್ದು, ಮಕ್ಕಳು ಹಾಗೂ ದನಕರುಗಳು ಹತ್ತಿರ ಹೋಗದಂತೆ ಕಾವಲು ನಿಂತು 1912 ಸಂಖ್ಯೆಗೆ ಕರೆ ಮಾಡಬೇಕು. ತಂತಿ ತಗುಲಿದ ಬೇಲಿ ಹಾಗೂ ನಿಂತ ನೀರಿನಲ್ಲಿಯೂ ವಿದ್ಯುತ್ ಹರಿಯಬಹುದು.
• ಒಣಗಿದ ಜಾಗದಲ್ಲಿ ನಿಂತು ತಲುಪುವಂತಿದ್ದರೆ ಮಾತ್ರ ಮನೆಯ ಮೇನ್ ಸ್ವಿಚ್ ತೆಗೆಯಬೇಕು. ಒದ್ದೆಯಾದ ಮೋಟಾರು ಹಾಗೂ ಸ್ಟಾರ್ಟರ್‌ಗಳನ್ನು ಒಣಗಿಸಿ, ಎಲೆಕ್ಟ್ರಿಷಿಯನ್ ಪರೀಕ್ಷಿಸುವವರೆಗೆ ಚಾಲನೆ ಮಾಡಬಾರದು. ಬಿಸಿಲಿರುವಾಗ ಒಡೆದ ಸೌರಫಲಕದಲ್ಲಿಯೂ ವಿದ್ಯುತ್ ಉತ್ಪತ್ತಿಯಾಗುತ್ತಿರುತ್ತದೆ.
• ಅಡುಗೆ ಅನಿಲದ ವಾಸನೆ ಬಂದರೆ ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆರೆದು, ಯಾವುದೇ ಸ್ವಿಚ್ ಮುಟ್ಟದೆ ಹೊರಬರಬೇಕು, 1906ಕ್ಕೆ ತಿಳಿಸಬೇಕು.
• ಮಣ್ಣಿನ ಗೋಡೆಗಳು ಮಳೆ ನಿಂತ ಒಂದೆರಡು ದಿನಗಳ ನಂತರವೂ ಕುಸಿಯುತ್ತವೆ. ಗೋಡೆಯ ಬುಡ ನೀರು ಹೀರಿ ಬಲ ಕಳೆದುಕೊಂಡಿದ್ದರೂ ಮೇಲಿನ ಭಾರ ಹಾಗೆಯೇ ಇರುವುದು ಇದಕ್ಕೆ ಕಾರಣ. ಉಬ್ಬಿದ, ವಾಲಿದ ಅಥವಾ ಹೊಸದಾಗಿ ಬಿರುಕು ಬಿಟ್ಟ ಗೋಡೆಯ ಪಕ್ಕದಲ್ಲಿ ಮಲಗಬಾರದು, ದನ ಕಟ್ಟಬಾರದು. ಬಿರುಕಿನ ತುದಿಗೆ ಪೆನ್ಸಿಲಿನಿಂದ ಗುರುತು ಹಾಕಿ ದಿನಾಂಕ ಬರೆದಿಟ್ಟರೆ ಅದು ಬೆಳೆಯುತ್ತಿದೆಯೇ ಎಂಬುದು ತಿಳಿಯುತ್ತದೆ.
• ಬಿದ್ದ ಹೆಂಚು, ಕಟ್ಟಿಗೆ ರಾಶಿಗಳಲ್ಲಿ ನಾಗರಹಾವು, ಕೊಳಕುಮಂಡಲ ಸೇರಿಕೊಳ್ಳಬಹುದು. ಬರಿಗೈಯನ್ನು ಹಾಕದೆ, ಬೂಟು ಧರಿಸಿ ಕೋಲಿನಿಂದ ಸರಿಸಬೇಕು. ಹಾವು ಕಚ್ಚಿದರೆ ಕೊಯ್ಯುವುದು, ಬಿಗಿದು ಕಟ್ಟುವುದು ಬೇಡ. ತಡಮಾಡದೆ ಆಸ್ಪತ್ರೆಗೆ ಸಾಗಿಸಬೇಕು.

2. ಹಾನಿಯ ದಾಖಲೆ

ತೆರವು ಕಾರ್ಯ ಆರಂಭಿಸುವ ಮುನ್ನ ಮನೆಯ ನಾಲ್ಕೂ ಬದಿ, ಒಳಭಾಗ, ಕೊಟ್ಟಿಗೆ ಹಾಗೂ ನೆನೆದ ದಾಸ್ತಾನಿನ ಛಾಯಾಚಿತ್ರಗಳನ್ನು ತೆಗೆದಿಡಬೇಕು. ಇದಾದ ಮೇಲೆ ಟಾರ್ಪಾಲಿನ್ ಹೊದಿಸಲು ಅಡ್ಡಿಯಿಲ್ಲ. ಆದರೆ ಒಡೆದ ಸಾಮಗ್ರಿಗಳನ್ನು ಪರಿಶೀಲನೆ ಮುಗಿಯುವವರೆಗೆ ಒಂದೆಡೆ ಕಾದಿಡಬೇಕು ಹಾಗೂ ತಾತ್ಕಾಲಿಕ ದುರಸ್ತಿಯ ರಸೀದಿಗಳನ್ನು ಉಳಿಸಿಕೊಳ್ಳಬೇಕು.

ಅದೇ ದಿನ ಗ್ರಾಮ ಆಡಳಿತ ಅಧಿಕಾರಿಗೆ ತಿಳಿಸಿ, ತಹಶೀಲ್ದಾರರಿಗೆ ಲಿಖಿತ ಅರ್ಜಿ ಸಲ್ಲಿಸಿ ಸ್ವೀಕೃತಿ ಪಡೆಯಬೇಕು. ಸ್ಥಳ ಮಹಜರು ನಡೆಯುವಾಗ ಮನೆಯವರು ಹಾಜರಿದ್ದು, ಹಾನಿಯ ಎಲ್ಲಾ ಅಂಶಗಳು ದಾಖಲಾಗಿವೆಯೇ ಎಂದು ಓದಿ ನೋಡಿ ಸಹಿ ಮಾಡಬೇಕು. ವಿಪತ್ತು ಪರಿಹಾರ ನಿಧಿಯ 2022–26ರ ಕೇಂದ್ರ ಮಾನದಂಡದಂತೆ ಬಯಲು ಪ್ರದೇಶದಲ್ಲಿ ಪೂರ್ಣ ಕುಸಿದ ಮನೆಗೆ 1,20,000 ರೂಪಾಯಿ, ಕನಿಷ್ಠ ಶೇ. 15ರಷ್ಟು ಹಾನಿಯಾದ ಪಕ್ಕಾ ಮನೆಗೆ 6,500 ರೂಪಾಯಿ, ಕಚ್ಚಾ ಮನೆಗೆ 4,000 ರೂಪಾಯಿ ಹಾಗೂ ಮನೆಗೆ ಹೊಂದಿಕೊಂಡ ಕೊಟ್ಟಿಗೆಗೆ 3,000 ರೂಪಾಯಿ ನಿಗದಿಯಾಗಿತ್ತು. ಪ್ರಚಲಿತ ದರವನ್ನು ತಾಲ್ಲೂಕು ಕಚೇರಿಯಲ್ಲಿ ಕೇಳಿ ತಿಳಿಯಬೇಕು. ಭಾಗಶಃ ಹಾನಿಯಾದಾಗ ಶೇಕಡಾವಾರು ಅಂದಾಜಿನ ಮೇಲೆಯೇ ಪರಿಹಾರ ನಿಲ್ಲುವುದರಿಂದ, ಮಹಜರಿಗೆ ಮುನ್ನ ಕುರುಹುಗಳನ್ನು ತೆಗೆದುಹಾಕಿದರೆ ನಷ್ಟ ರೈತನದೇ.

ಮನೆಗೆ ವಿಮೆ ಇದ್ದಲ್ಲಿ, ಉದಾಹರಣೆಗೆ 2021ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಭಾರತ್ ಗೃಹ ರಕ್ಷಾ ಪಾಲಿಸಿ, ವಿಮಾ ಸಂಸ್ಥೆಗೆ ಕೂಡಲೇ ತಿಳಿಸಬೇಕು. ಕೊಯ್ದು ಹೊಲದಲ್ಲಿಯೇ ಒಣಗಲು ಹರಡಿದ್ದ ವಿಮೆ ಮಾಡಿದ ಬೆಳೆ ಅಕಾಲಿಕ ಮಳೆಗೆ ಹಾಳಾಗಿದ್ದರೆ, ಫಸಲ್ ಬಿಮಾ ಯೋಜನೆಯಡಿ 72 ಗಂಟೆಗಳೊಳಗೆ ಮಾಹಿತಿ ನೀಡುವುದು ಕಡ್ಡಾಯ. ಈ ರಕ್ಷಣೆ ಕೊಯ್ಲಿನ ನಂತರ ಗರಿಷ್ಠ 14 ದಿನಗಳಿಗೆ ಸೀಮಿತ. ಮನೆಯೊಳಗೆ ಶೇಖರಿಸಿದ ಧಾನ್ಯಕ್ಕೆ ಇದು ಅನ್ವಯಿಸುವುದಿಲ್ಲ. ವಿಮೆ ಮಾಡಿಸಿದ ಜಾನುವಾರು ಸತ್ತಿದ್ದರೆ ಪಶುವೈದ್ಯರ ಶವಪರೀಕ್ಷೆಗೆ ಮುನ್ನ ಹೂಳಬಾರದು, ಕಿವಿಯೋಲೆಯನ್ನು ಕಳೆಯಬಾರದು.

3. ಧಾನ್ಯ, ಬೀಜ ಮತ್ತು ಮೇವು

• ನೆನೆದ ಚೀಲಗಳನ್ನು ಒಣ ಚೀಲಗಳಿಂದ ಅಂದೇ ಬೇರ್ಪಡಿಸಬೇಕು. ರಾಶಿಯೊಳಗೆ ಕೈಯಿಟ್ಟಾಗ ಬಿಸಿ ತಗುಲಿದರೆ ಕೆಡುವಿಕೆ ಆರಂಭವಾಗಿದೆ ಎಂದರ್ಥ.
• ಧಾನ್ಯವನ್ನು ಸುಮಾರು 5 ಸೆಂ.ಮೀ. ದಪ್ಪಕ್ಕೆ ಹರಡಿ ಆಗಾಗ್ಗೆ ತಿರುವುತ್ತಾ ಒಣಗಿಸಬೇಕು. ಬಿಸಿಲಿಲ್ಲದಿದ್ದರೆ ಗಾಳಿಯಾಡುವ ಜಗುಲಿಯಲ್ಲಿ ಹರಡಬೇಕು. ಮತ್ತೆ ಶೇಖರಿಸುವಾಗ ತೇವಾಂಶ ರಾಗಿ, ಮುಸುಕಿನ ಜೋಳದಲ್ಲಿ ಶೇ. 12, ದ್ವಿದಳ ಧಾನ್ಯಗಳಲ್ಲಿ ಶೇ. 9–10, ಶೇಂಗಾದಲ್ಲಿ ಶೇ. 8 ಮೀರಬಾರದು.
• ಬೂಷ್ಟು ಹಿಡಿದ ಶೇಂಗಾ ಹಾಗೂ ಮುಸುಕಿನ ಜೋಳದಲ್ಲಿ ಅಫ್ಲಟಾಕ್ಸಿನ್ ಎಂಬ ವಿಷ ಉತ್ಪತ್ತಿಯಾಗಿರಬಹುದು. ಇದು ತೊಳೆಯುವುದರಿಂದಾಗಲೀ ಬೇಯಿಸುವುದರಿಂದಾಗಲೀ ಹೋಗುವುದಿಲ್ಲ. ಮನುಷ್ಯರಿಗೂ ದನ, ಕೋಳಿಗಳಿಗೂ ಇದನ್ನು ಕೊಡಬಾರದು.
• ಬೀಜೋಪಚಾರ ಮಾಡಿದ ಬೀಜ ನೆನೆದರೆ ಅದನ್ನು ಆಹಾರವಾಗಿ ಬಳಸಬಾರದು. ಉಳಿದ ಬಿತ್ತನೆ ಬೀಜದಿಂದ 100 ಬೀಜಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿಟ್ಟು ಮೊಳಕೆ ಪ್ರಮಾಣ ಪರೀಕ್ಷಿಸಿದ ನಂತರವೇ ಬಿತ್ತನೆಗೆ ನಿರ್ಧರಿಸಬೇಕು.
• ಬಣವೆಯ ನೆನೆದ ಮೇಲ್ಪದರವನ್ನು ತೆಗೆದು ಪ್ರತ್ಯೇಕವಾಗಿ ಒಣಗಿಸಬೇಕು. ಬೂಷ್ಟು ಹಿಡಿದ ಹುಲ್ಲು ಗೊಬ್ಬರದ ಗುಂಡಿಗೆ ಸೇರಲಿ.

4. ಕುಡಿಯುವ ನೀರು

ತೆರೆದ ಬಾವಿಗೆ ಕೊಚ್ಚೆ ನೀರು ಸೇರಿದ್ದರೆ ಕ್ಲೋರಿನ್‌ನಿಂದ ಶುದ್ಧೀಕರಿಸಬೇಕು. ತಿಳಿನೀರಿನಲ್ಲಿ ಪ್ರತಿ 1,000 ಲೀಟರಿಗೆ 2.5 ಗ್ರಾಂ ಉತ್ತಮ ಗುಣಮಟ್ಟದ ಬ್ಲೀಚಿಂಗ್ ಪೌಡರ್ ಬೇಕು. 3 ಮೀಟರ್ ಅಡ್ಡಳತೆಯ, 4 ಮೀಟರ್ ನೀರಿರುವ ಬಾವಿಯಲ್ಲಿ ಸುಮಾರು 28,000 ಲೀಟರ್ ನೀರಿರುವುದರಿಂದ 70 ಗ್ರಾಂ ಸಾಕು. ಪುಡಿಯನ್ನು ಬಕೆಟ್‌ನಲ್ಲಿ ಕಲಸಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನು ಮಾತ್ರ ಬಾವಿಗೆ ಬೆರೆಸಿ, ಕನಿಷ್ಠ ಒಂದು ಗಂಟೆ ಬಿಡಬೇಕು. ನೀರು ಕದಡಿದ್ದರೆ ಆರೋಗ್ಯ ಕಾರ್ಯಕರ್ತರ ಸಲಹೆ ಪಡೆಯಬೇಕು. ಏನೇ ಆದರೂ ಕುಡಿಯುವ ನೀರನ್ನು ಕುದಿಸಿ ಆರಿಸುವುದು ಕ್ಷೇಮ.

5. ಮಾಡಿನ ಪುನರ್‌ನಿರ್ಮಾಣ

ಗಾಳಿಯ ವೇಗ ಎರಡು ಪಟ್ಟಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ. ಭಾರತೀಯ ಮಾನಕದ ಪ್ರಕಾರ ವಿನ್ಯಾಸದ ಮೂಲ ಗಾಳಿವೇಗ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39 ಮೀಟರ್. ಗಾಳಿ ಮಾಡನ್ನು ಕೆಳಕ್ಕೆ ಒತ್ತುವುದಕ್ಕಿಂತ ಮೇಲಕ್ಕೆ ಸೆಳೆಯುವುದೇ ಹೆಚ್ಚು. ಈ ಸೆಳೆತ ಅಂಚು ಹಾಗೂ ಮೂಲೆಗಳಲ್ಲಿ ತೀವ್ರ. ಆದ್ದರಿಂದ ತಗಡಿನ ಮೇಲೆ ಕಲ್ಲು, ಟೈರು ಹೇರುವುದು ಪರಿಹಾರವಲ್ಲ. ಗಾಳಿಗೆ ಅವೇ ಹಾರಿ ಬೀಳುತ್ತವೆ. ತಗಡನ್ನು ಅಡ್ಡತೊಲೆಗೆ, ಅಡ್ಡತೊಲೆಯನ್ನು ಜಂತಿಗೆ, ಜಂತಿಯನ್ನು ಗೋಡೆಗೆ ಕಬ್ಬಿಣದ ಪಟ್ಟಿ ಹಾಗೂ ಬೋಲ್ಟುಗಳಿಂದ ಬಿಗಿಯಬೇಕು. ಅಂಚು, ಮೂಲೆಗಳಲ್ಲಿ ತಿರುಪುಗಳನ್ನು ಒತ್ತೊತ್ತಾಗಿ ಹಾಕಬೇಕು. ಸೂರಿನ ಹೊರಚಾಚು ಅಗತ್ಯಕ್ಕಿಂತ ಹೆಚ್ಚಿರಬಾರದು. ಹಳೆಯ ಕಲ್ನಾರಿನ ಶೀಟುಗಳನ್ನು ಒಣದಾಗಿ ಒಡೆದರೆ ಶ್ವಾಸಕೋಶಕ್ಕೆ ಹಾನಿಕರವಾದ ಧೂಳು ಏಳುತ್ತದೆ. ನೀರು ಚಿಮುಕಿಸಿ ಇಡಿಯಾಗಿ ಇಳಿಸಬೇಕು.

ವಿಸ್ತರಣಾ ಕಾರ್ಯಕರ್ತರು ಗ್ರಾಮಗಳಿಗೆ ಭೇಟಿ ನೀಡಿದಾಗ ಒಂಟಿ ವೃದ್ಧರು ಹಾಗೂ ಮಣ್ಣಿನ ಗೋಡೆಯ ಮನೆಗಳಲ್ಲಿರುವ ಕುಟುಂಬಗಳನ್ನು ಮೊದಲು ಗುರುತಿಸಿ, ಆ ರಾತ್ರಿ ಬೇರೆಡೆ ಮಲಗುವಂತೆ ಮನವೊಲಿಸಬೇಕು. ತುರ್ತು ನೆರವಿಗೆ 112 ಹಾಗೂ ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಯ 1077 ಸಂಖ್ಯೆಗಳನ್ನು ಪ್ರತಿ ಮನೆಯ ಗೋಡೆಯ ಮೇಲೆ ಬರೆದಿಡುವುದು ಒಳ್ಳೆಯದು.