ದೃಷ್ಟಿವ್ಯೂಹದ ನರಚಟುವಟಿಕೆ ಮತ್ತು ರಕ್ತಸಂಚಾರ: ಸಂಶೋಧನೆಯ ಇತಿಹಾಸ

ಕಣ್ಣಿಗೆ ಬೆಳಕು ಬಿದ್ದು ನರಕೋಶಗಳು ಚುರುಕಾದಾಗ ಆ ಭಾಗದ ಸಣ್ಣ ರಕ್ತನಾಳಗಳು ಹಿಗ್ಗುತ್ತವೆ. ಕೆಲವೇ ಸೆಕೆಂಡುಗಳಲ್ಲಿ ಅಲ್ಲಿಗೆ ಹೆಚ್ಚು ರಕ್ತ ಹರಿದುಬರುತ್ತದೆ. ಕಣ್ಣಿನ ಅಕ್ಷಿಪಟಲದಲ್ಲೂ ಮಿದುಳಿನ ಹಿಂಭಾಗದ ದೃಷ್ಟಿ ಕಾರ್ಟೆಕ್ಸ್‌ನಲ್ಲೂ ಇದು ನಡೆಯುತ್ತದೆ.

ಆರಂಭ: ದುಡಿಯುವ ಮಿದುಳಿನಲ್ಲಿ ಹುಟ್ಟುವ ರಾಸಾಯನಿಕಗಳೇ ರಕ್ತನಾಳಗಳನ್ನು ಹಿಗ್ಗಿಸುತ್ತವೆ ಎಂದು 1890ರಲ್ಲಿ ಚಾರ್ಲ್ಸ್ ರಾಯ್ ಮತ್ತು ಚಾರ್ಲ್ಸ್ ಶೆರಿಂಗ್ಟನ್ ಪ್ರತಿಪಾದಿಸಿದರು. ಕಣ್ಣಿನ ಕೆಲಸದೊಂದಿಗೆ ಮಿದುಳಿನ ರಕ್ತಸಂಚಾರ ಏರುತ್ತದೆ ಎಂಬುದಕ್ಕೆ ಮನುಷ್ಯನಲ್ಲಿ ಪುರಾವೆ ಸಿಕ್ಕಿದ್ದು ಬೋಸ್ಟನ್‌ನಲ್ಲಿ. ಅಲ್ಲಿ ಹಾರ್ವೆ ಕುಶಿಂಗ್ ಶಸ್ತ್ರಚಿಕಿತ್ಸೆ ಮಾಡಿದ್ದ ರೋಗಿಯೊಬ್ಬನ ದೃಷ್ಟಿ ಕಾರ್ಟೆಕ್ಸ್ ಬಳಿ ರಕ್ತನಾಳಗಳು ಗೋಜಲಾಗಿದ್ದವು. ಅವನ ಹಿಂದಲೆಯಲ್ಲಿ ರಕ್ತ ಹರಿಯುವ ಸದ್ದು ಕೇಳಿಸುತ್ತಿತ್ತು. ಕತ್ತಲೆ ಕೋಣೆಯಲ್ಲಿ ಬಹಳ ಹೊತ್ತು ವಿಶ್ರಮಿಸಿ ಕಣ್ಣಿಗೆ ಕೆಲಸ ಕೊಟ್ಟೊಡನೆ ಸದ್ದು ಜೋರಾಗುತ್ತಿತ್ತು. ವಾಸನೆ ನೋಡಿದರೆ ಬದಲಾಗುತ್ತಿರಲಿಲ್ಲ. ಜಾನ್ ಫುಲ್ಟನ್ 1928ರಲ್ಲಿ ಇದನ್ನು ಪ್ರಕಟಿಸಿದರು.

ಅಳತೆಯ ಯುಗ: 1961ರಲ್ಲಿ ಲೂಯಿಸ್ ಸೊಕೊಲೋಫ್ ವಿಕಿರಣಶೀಲ ಅನಿಲದ ನೆರವಿನಿಂದ, ಬೆಕ್ಕಿನ ಕಣ್ಣಿಗೆ ಬೆಳಕು ಮಿಂಚಿಸಿದಾಗ ಅದರ ದೃಷ್ಟಿಮಾರ್ಗದುದ್ದಕ್ಕೂ ರಕ್ತಸಂಚಾರ ಏರುವುದನ್ನು ತೋರಿಸಿದರು. 1988ರಲ್ಲಿ ಪೀಟರ್ ಫಾಕ್ಸ್, ಮಾರ್ಕಸ್ ರೈಕ್ಲ್ ಮತ್ತು ಸಂಗಡಿಗರು ಮನುಷ್ಯರ ದೃಷ್ಟಿ ಕಾರ್ಟೆಕ್ಸ್‌ನಲ್ಲಿ ಕಂಡದ್ದು ಅನಿರೀಕ್ಷಿತ: ರಕ್ತಸಂಚಾರ ಸುಮಾರು ಶೇ 50ರಷ್ಟು, ಗ್ಲೂಕೋಸ್ ಬಳಕೆ ಶೇ 51ರಷ್ಟು ಏರಿದರೂ ಆಮ್ಲಜನಕದ ಬಳಕೆ ಏರಿದ್ದು ಶೇ 5 ಮಾತ್ರ. ಅಂದರೆ ಬೇಕಾದುದಕ್ಕಿಂತ ಹೆಚ್ಚು ಆಮ್ಲಜನಕ ಅಲ್ಲಿಗೆ ತಲುಪುತ್ತದೆ. ಆಮ್ಲಜನಕ ಕಳೆದುಕೊಂಡ ಹಿಮೋಗ್ಲೋಬಿನ್ ಎಂಆರ್‌ಐ ಸಂಕೇತವನ್ನು ತಗ್ಗಿಸುತ್ತದೆ ಎಂದು ಸೇಜಿ ಒಗಾವಾ 1990ರಲ್ಲಿ ತೋರಿಸಿದ್ದರು. ತಾಜಾ ರಕ್ತ ನುಗ್ಗಿದ ಕಡೆ ಅಂಥ ಹಿಮೋಗ್ಲೋಬಿನ್‌ನ ಪ್ರಮಾಣ ಇಳಿದು ಸಂಕೇತ ಏರಬೇಕಷ್ಟೆ. 1992ರಲ್ಲಿ ಒಗಾವಾ ಮತ್ತು ಕೆನ್ ಕ್ವಾಂಗ್ ಅವರ ತಂಡಗಳು ಬೇರೆಬೇರೆಯಾಗಿ ಇದನ್ನು ಬಳಸಿ, ದೃಷ್ಟಿ ಕಾರ್ಟೆಕ್ಸ್ ಕೆಲಸ ಮಾಡುವುದನ್ನು ಸೆರೆಹಿಡಿದವು. ಈ ಸಂಕೇತ ನರಕೋಶಗಳಿಂದ ಹೊರಡುವ ಮಿಡಿತಗಳಿಗಿಂತ, ಅವುಗಳಿಗೆ ಬಂದು ಸೇರುವ ಸಂದೇಶಗಳ ಸಂಸ್ಕರಣೆಗೆ ಹೆಚ್ಚು ಹೊಂದುತ್ತದೆ ಎಂದು 2001ರಲ್ಲಿ ನಿಕೋಸ್ ಲೋಗೊಥೆಟಿಸ್ ತಂಡ ಕೋತಿಗಳಲ್ಲಿ ಕಂಡುಕೊಂಡಿತು.

ಅಕ್ಷಿಪಟಲ: ಅಕ್ಷಿಪಟಲದೊಳಗಿನ ರಕ್ತನಾಳಗಳಿಗೆ ಸ್ವಯಂಚಾಲಿತ ನರವ್ಯೂಹದ ನರಗಳು ತಲುಪುವುದಿಲ್ಲ, ಹೀಗಾಗಿ ನಿಯಂತ್ರಣ ಬಹುಮಟ್ಟಿಗೆ ಸ್ಥಳೀಯ. ಮಿನುಗುವ ಬೆಳಕಿಗೆ ಅವು ಹಿಗ್ಗುತ್ತವೆ. ನರಕೋಶಗಳ ಆಸರೆಯಾದ ಗ್ಲಯಾ ಕೋಶಗಳು ಈ ನಾಳಗಳನ್ನು ಹಿಗ್ಗಿಸಲೂ ಕುಗ್ಗಿಸಲೂ ಬಲ್ಲವು ಎಂದು ಮೋನಿಕಾ ಮೆಟಿಯಾ ಮತ್ತು ಎರಿಕ್ ನ್ಯೂಮನ್ 2006ರಲ್ಲಿ ತೋರಿಸಿದರು.

ಮಧುಮೇಹಿಗಳಲ್ಲಿ ಈ ಹಿಗ್ಗುವಿಕೆ, ಅಕ್ಷಿಪಟಲದ ಹಾನಿ ಕಣ್ಣಿಗೆ ಕಾಣುವ ಮೊದಲೇ ಕುಂದಬಹುದು. ಆದ್ದರಿಂದ ರೋಗವನ್ನು ಬೇಗ ಗುರುತಿಸುವ ಸೂಚಕವಾಗಿಯೂ ಇದರ ಅಧ್ಯಯನ ನಡೆದಿದೆ.