ನೈಟ್ ಡ್ಯೂಟಿ ಕಥೆಗಳು – 9: ಮೇಲಿನ ಮನೆ ಸದ್ದು

ಹೋದ ಸಲದ ಪೋಸ್ಟ್ ಓದಿ ಅತ್ತೆ ಫೋನ್ ಮಾಡಿ, "ಲಂಡನ್ನಲ್ಲೂ ಅಕ್ಕಪಕ್ಕದವರ ಜಗಳ ಇರುತ್ತೇನೇ?" ಅಂದ್ರು. ಇರುತ್ತೆ ಅತ್ತೆ. ಅದಕ್ಕೆ ದೊಡ್ಡ ಚರಿತ್ರೆನೇ ಇದೆ.

ನಾನು ಬಾಡಿಗೆಗಿರೋ ಫ್ಲಾಟ್ ಮೊದಲು ಕೌನ್ಸಿಲ್ ಮನೆ. ಅಂದ್ರೆ ಇಲ್ಲಿನ ನಗರಸಭೆ ಕಟ್ಟಿಸಿ ಕಡಿಮೆ ಬಾಡಿಗೆಗೆ ಕೊಡ್ತಿದ್ದ ಮನೆ. ನಮ್ಮ ಮೇಲಿನ ಮನೆ ಈಗಲೂ ಕೌನ್ಸಿಲ್‌ದೇ. ಅಲ್ಲಿ ರಾತ್ರಿ ಎರಡು ಗಂಟೆಗೆ ಹಾಡು, ಮೆಟ್ಟಿಲ ಮೇಲೆ ಹುಡುಗರ ಗಲಾಟೆ. ಬೆಳಗ್ಗೆ ಐದಕ್ಕೆದ್ದು ವಾರ್ಡಿಗೆ ಹೋಗೋಳು ನಾನು. ದೂರು ಕೊಟ್ಟೆ. ಯಾವತ್ತು, ಎಷ್ಟೊತ್ತಿಗೆ ಸದ್ದು ಅಂತ ಬರೆದಿಡಿ ಅಂದ್ರು. ಎರಡು ವಾರ ಬರೆದೆ.

ಆ ವಾರಗಳಲ್ಲೇ ಈ ವಿಷಯ ಓದೋಕೆ ಶುರು ಮಾಡಿದ್ದು. 1865ರಲ್ಲಿ ಆಕ್ಟೇವಿಯಾ ಹಿಲ್ ಅನ್ನೋ ಹೆಣ್ಣುಮಗಳು, ಜಾನ್ ರಸ್ಕಿನ್ ಕೊಟ್ಟ ದುಡ್ಡಲ್ಲಿ, ಲಂಡನ್ನಿನ ಬಡವರ ಮನೆಗಳನ್ನ ನೋಡಿಕೊಳ್ಳೋಕೆ ಶುರು ಮಾಡಿದ್ರು. ವಾರ ವಾರ ಬಾಡಿಗೆಗೆ ಬಾಗಿಲು ತಟ್ಟೋರು, ರಿಪೇರಿ ಮಾಡಿಸೋರು. ಗಲಾಟೆ ಮಾಡಿದೋರನ್ನ ಖಾಲಿ ಮಾಡಿಸೋರು. ನಮ್ಮ ವಠಾರದ ಅಜ್ಜಿ ಥರಾನೇ!

1900ರಲ್ಲಿ ಲಂಡನ್ ಕೌಂಟಿ ಕೌನ್ಸಿಲ್ ಕಟ್ಟಿದ ಬೌಂಡರಿ ಎಸ್ಟೇಟ್ ಉದ್ಘಾಟನೆ ಆಯ್ತು. ಅದಕ್ಕಾಗಿ ಕೆಡವಿದ ಕೊಳೆಗೇರಿಯವರಲ್ಲಿ ಬೆರಳೆಣಿಕೆಯಷ್ಟು ಜನಕ್ಕೆ ಮಾತ್ರ ಅಲ್ಲಿ ಮನೆ ಸಿಕ್ಕಿದ್ದು. "ಒಳ್ಳೆ ಬಾಡಿಗೆದಾರ" ಯಾರು ಅನ್ನೋ ಪ್ರಶ್ನೆ ಅಷ್ಟು ಹಳೇದು. ಎರಡನೇ ಮಹಾಯುದ್ಧ ಆದ್ಮೇಲೆ ಅನ್ಯೂರಿನ್ ಬೆವನ್ ಮಂತ್ರಿ ಆದ್ರು. ನಾನು ಕೆಲಸ ಮಾಡೋ ಎನ್‌ಎಚ್‌ಎಸ್ ಶುರು ಮಾಡಿದ್ದೂ ಅವರೇ, 1948ರಲ್ಲಿ. ಡಾಕ್ಟರು, ಕಟುಕ, ಕೂಲಿ ಎಲ್ಲರೂ ಒಂದೇ ಬೀದಿಯಲ್ಲಿರಬೇಕು ಅನ್ನೋದು ಅವರ ಆಸೆ.

1980ರ ಕಾನೂನು ಎರಡು ಕೆಲಸ ಮಾಡ್ತು. ಕೋರ್ಟಿಗೆ ಹೋಗದೆ ಬಾಡಿಗೆದಾರರನ್ನ ಹೊರಗೆ ಹಾಕೋ ಹಾಗಿಲ್ಲ ಅಂತು. ಜೊತೆಗೆ, ಇರೋ ಮನೇನ ರಿಯಾಯಿತಿಯಲ್ಲಿ ಕೊಂಡ್ಕೊಳ್ಳೋ ಹಕ್ಕು ಕೊಡ್ತು. ಕೈಲಾದೋರು ಕೊಂಡ್ರು. ಕೌನ್ಸಿಲ್ ಹತ್ರ ಉಳಿದ ಮನೆಗಳಿಗೆ ಹೆಚ್ಚಾಗಿ ಬಂದಿದ್ದು ತೀರಾ ಕಷ್ಟದಲ್ಲಿದ್ದೋರು. ದೂರುಗಳು ಹೆಚ್ಚಾದವು, ಕಾನೂನೂ ಬಿಗಿಯಾಯ್ತು. 1996ರಲ್ಲಿ ಹೊಸಬರಿಗೆ ಒಂದು ವರ್ಷದ ಪರೀಕ್ಷಾ ಬಾಡಿಗೆ ಬಂತು. 1998ರಲ್ಲಿ ಆಸ್ಬೋ ಅನ್ನೋ ಆದೇಶ. ಮುರಿದ್ರೆ ಐದು ವರ್ಷದವರೆಗೂ ಜೈಲು. 2014ರ ಕಾನೂನು ಅದನ್ನ ತೆಗೆದು ಇಂಜಂಕ್ಷನ್ ತಂತು. ಇದರಲ್ಲಿ "ಇದು ಮಾಡಬೇಡ" ಅನ್ನೋದರ ಜೊತೆ, ಕುಡಿತ ಬಿಡೋಕೆ ಚಿಕಿತ್ಸೆಗೆ ಹೋಗು ಅಂತಾನೂ ಹೇಳಬಹುದು. ದೂರು ಕೊಟ್ಟೋರು ಯಾರೂ ಗಮನ ಕೊಡಲಿಲ್ಲ ಅಂದ್ರೆ ಮರುಪರಿಶೀಲನೆ ಕೇಳೋ ಹಕ್ಕೂ ಬಂತು.

ಇಷ್ಟೆಲ್ಲ ಓದಿದ ಮೇಲೆ ಒಂದಿನ ಮೆಟ್ಟಿಲ ಮೇಲೆ ಆ ಹುಡುಗನ ತಾಯಿ ಸಿಕ್ಕಿದ್ರು. ರಾತ್ರಿ ಆಫೀಸ್ ಗುಡಿಸೋ ಕೆಲಸ ಅವರದು. ಹದಿನಾರರ ಹುಡುಗ ಮನೇಲಿ ಒಬ್ಬನೇ. "ನಮ್ಮ ಮನೆ ಹೋಗುತ್ತಾ?" ಅಂದ್ರು. ನನ್ನ ಬ್ಯಾಗಲ್ಲಿ ಎರಡು ವಾರದ ಪಟ್ಟಿ ಇತ್ತು. ಏನು ಹೇಳಬೇಕೋ ತಿಳಿಯಲಿಲ್ಲ.

ದೂರು ವಾಪಸ್ ತಗೊಳ್ಳಲಿಲ್ಲ. ನಿದ್ದೆಗೆಟ್ಟು ಔಷಧಿ ಕೊಡೋದು ಆಟವಲ್ಲ. ಆದ್ರೆ ಆ ತಾಯಿಗೆ ಹೇಳಿ, ಹುಡುಗ ರಾತ್ರಿ ಒಬ್ಬನೇ ಇರ್ತಾನೆ ಅನ್ನೋದನ್ನೂ ಅಧಿಕಾರಿಗೆ ತಿಳಿಸಿದೆ. ಎಲ್ಲರನ್ನೂ ಕೂರಿಸಿ ಮಾತಾಡಿಸಿದ್ರು. ಹನ್ನೊಂದಕ್ಕೆ ಹಾಡು ಬಂದ್ ಅಂತ ಒಪ್ಪಂದ. ಶನಿವಾರ ಈಗಲೂ ಸ್ವಲ್ಪ ಸದ್ದಿದೆ, ಸಹಿಸ್ಕೊಳ್ತೀನಿ.

ನಮ್ಮ ವಠಾರದ ಅಜ್ಜಿ ಏನು ಮಾಡ್ತಿದ್ರು? ನೆನಪಿರೋರು ಕೆಳಗೆ ಬರೀರಿ.