ದೀಪವಿಲ್ಲದ ಊರುಗಳು

ಮೈಸೂರು ಸೀಮೆಯ ಕಂದಾಯದ ಲೆಕ್ಕಗಳಲ್ಲಿ ‘ಬೇಚರಾಕು ಗ್ರಾಮ’ವೆಂಬ ಮಾತು ಬಹುಕಾಲದಿಂದ ನಡೆದುಬಂದಿದೆ. ಗ್ರಾಮಕ್ಕೆ ಎಲ್ಲೆಕಟ್ಟುಂಟು, ಸರ್ವೆ ನಂಬರುಗಳುಂಟು, ಸಾಗುವಳಿಯೂ ಉಂಟು. ಆದರೆ ಅಲ್ಲಿ ವಾಸಮಾಡುವ ಒಕ್ಕಲು ಒಂದೂ ಇಲ್ಲ. ಅಂತಹ ಊರಿಗೆ ಈ ಹೆಸರು. ಶಬ್ದವು ಪಾರಸಿಯಿಂದ ಬಂದುದು. ‘ಬೇ’ ಎಂದರೆ ಇಲ್ಲದ, ‘ಚಿರಾಗ್’ ಎಂದರೆ ದೀಪ. ಸಂಜೆಯಾದರೆ ದೀಪ ಹಚ್ಚುವವರಿಲ್ಲದ ಊರೆಂಬ ಈ ಕರುಣವಾದ ಅರ್ಥವು ಗುಮಾಸ್ತರ ಲೇಖಣಿಯಲ್ಲಿ ಸವೆದುಹೋಗಿ, ಈಗ ಕೇವಲ ಕಚೇರಿಯ ಪರಿಭಾಷೆಯಾಗಿ ಉಳಿದಿದೆ. ಜನರ ಮಾತಿನಲ್ಲಿ ಅದು ಹಾಳೂರು. ನೇಗಿಲು ಹೂಡಿದಾಗ ಮಡಕೆಯ ಚೂರು ಮೇಲೆದ್ದು ಬರುವ ಹೊಲ, ಪೌಳಿಯಿಲ್ಲದ ಗುಡಿಯಲ್ಲಿ ಒಂಟಿಯಾಗಿ ನಿಂತ ಹನುಮಪ್ಪ, ಹೂಳು ತುಂಬಿದ ಬಾವಿ: ಇವೇ ಅದರ ಗುರುತುಗಳು.

ಊರೊಂದು ಅಳಿಯುವುದಕ್ಕೆ ಕಾರಣಗಳು ಅನೇಕ. ದಂಡು ಬಂದು ಅಳಿದ ಊರುಗಳಿವೆ, ಜ್ವರಕ್ಕೂ ಕ್ಷಾಮಕ್ಕೂ ಬರಿದಾದ ಊರುಗಳಿವೆ, ಕೆರೆಕಟ್ಟೆಗಳ ನೀರಿನಲ್ಲಿ ಮುಳುಗಿದ ಊರುಗಳಿವೆ. ಇವೆಲ್ಲಕ್ಕಿಂತ ಮೆಲ್ಲಗೆ, ಯಾರ ಗಮನಕ್ಕೂ ಬಾರದಂತೆ ನಡೆಯುವ ಇನ್ನೊಂದು ಬಗೆಯ ಅಳಿವಿದೆ. ಅಲ್ಲಿ ದೀಪಗಳು ಆರುವುದಿಲ್ಲ, ಹೆಚ್ಚುತ್ತವೆ, ಊರು ಬೆಳೆಯುತ್ತದೆ, ಆದರೆ ಅದರೊಳಗಿನ ಹಳೆಯ ಠಾವುಗಳು ಒಂದೊಂದಾಗಿ ಕಾಣದಾಗುತ್ತವೆ. ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನಲ್ಲಿ ಈ ಎಲ್ಲ ಬಗೆಯ ಅಳಿವುಗಳೂ ಒಂದೇ ಸೀಮೆಯೊಳಗೆ ಕಾಣಬರುವುದರಿಂದ, ಅದರ ಚರಿತ್ರೆಯನ್ನು ಈ ದೃಷ್ಟಿಯಿಂದ ನೋಡುವುದು ಉಚಿತವಾಗಿದೆ.

ಮೊದಲನೆಯದಾಗಿ ದಂಡಿನ ಕಾಲವನ್ನು ನೋಡಬಹುದು. ವಿಜಯನಗರದ ಅರಸರ ತರುವಾಯ ಈ ಸೀಮೆಯು ಬಸವಾಪಟ್ಟಣ ಮತ್ತು ಸಂತೇಬೆನ್ನೂರಿನ ನಾಯಕರ ಆಳ್ವಿಕೆಯಲ್ಲಿದ್ದಿತು. ಸಂತೇಬೆನ್ನೂರಿನಲ್ಲಿ ಹನುಮಪ್ಪನಾಯಕನು 16ನೆಯ ಶತಮಾನದಲ್ಲಿ ಕಟ್ಟಿಸಿದ ಪುಷ್ಕರಣಿಯು, ನೀರಿನ ನಡುವೆ ನಿಂತ ಮಂಟಪದೊಡನೆ, ಇಂದಿಗೂ ಪ್ರೇಕ್ಷಣೀಯವಾಗಿದೆ. ಆದರೆ ಆ ಪುಷ್ಕರಣಿಗೆ ಹೊಂದಿದ್ದ ರಂಗನಾಥನ ಗುಡಿಯು 17ನೆಯ ಶತಮಾನದಲ್ಲಿ ಬಿಜಾಪುರದ ಸೇನೆಯ ಕಾಲಕ್ಕೆ ಹಾಳಾಯಿತು; ಅದರ ಬದಿಯಲ್ಲಿ ಎದ್ದ ದೊಡ್ಡ ಕಟ್ಟಡವು ಮುಸಾಫಿರಖಾನೆಯೆಂಬ ಹೆಸರಿನಿಂದ ನಿಂತಿದೆ. ನಾಯಕರ ವಂಶವು ಕೊನೆಗೆ ತರೀಕೆರೆಗೆ ಹೋಗಿ ನೆಲಸಿತು. ಶಿವಾಜಿಯ ತಂದೆಯಾದ ಷಹಾಜಿಯು 1664ರಲ್ಲಿ ಬೇಟೆಯಾಡುತ್ತಿದ್ದಾಗ ಕುದುರೆಯಿಂದ ಬಿದ್ದು ಮಡಿದುದೂ ಈ ಸೀಮೆಯಲ್ಲಿಯೇ. ಹೊದಿಗೆರೆಯಲ್ಲಿ ಅವನ ಸಮಾಧಿಯಿದೆ. ಅದೇ ಶತಮಾನದ ಕೊನೆಯ ಭಾಗದಲ್ಲಿ ಆಳಿದ ಕೆಳದಿಯ ಚನ್ನಮ್ಮಾಜಿಯ ಹೆಸರನ್ನು ಚನ್ನಗಿರಿಯು ಹೊತ್ತಿದೆ. 1763ರಲ್ಲಿ ಬಿದನೂರು ಹೈದರಾಲಿಯ ವಶವಾದ ಮೇಲೆ ಕೆಳದಿಯ ರಾಜ್ಯವೂ ಮುಗಿಯಿತು. ಅರಮನೆಗಳು ಹೋದವು, ಆಳಿದವರು ಹೋದರು. ಹೆಸರು ಮಾತ್ರ ಬೆಟ್ಟದ ಮೇಲೆ ನಿಂತಿತು. ಊರು ಅಳಿಯುವುದಕ್ಕೂ ಹೆಸರು ಅಳಿಯುವುದಕ್ಕೂ ಇರುವ ಈ ಭೇದವನ್ನು ಗಮನಿಸಬೇಕು.

ಈ ಭೇದಕ್ಕೆ ಸೂಳೆಕೆರೆಗಿಂತ ಉತ್ತಮವಾದ ನಿದರ್ಶನವು ಕನ್ನಡನಾಡಿನಲ್ಲಿ ದೊರೆಯುವುದು ಕಷ್ಟ. ಎರಡು ಗುಡ್ಡಗಳ ನಡುವಣ ಕಣಿವೆಗೆ ಅಡ್ಡಲಾಗಿ ಹಾಕಿದ ಸುಮಾರು 950 ಅಡಿ ಉದ್ದದ ಏರಿಯು ಹರಿದ್ರಾನದಿಯನ್ನು ತಡೆದು, ಸುಮಾರು 6,500 ಎಕರೆಯಷ್ಟು ವಿಸ್ತಾರದಲ್ಲಿ ನೀರನ್ನು ನಿಲ್ಲಿಸಿದೆ. ಏರಿಯ ಉದ್ದವು ಹೆಚ್ಚಿಲ್ಲದಿದ್ದರೂ ಅದರ ಅಗಲವೂ ಎತ್ತರವೂ ಅಸಾಧಾರಣವಾದವು. 11ನೆಯ ಅಥವಾ 12ನೆಯ ಶತಮಾನದಲ್ಲಿ ಕಟ್ಟಿದುದೆಂದು ಹೇಳಲಾಗುವ ಈ ಮಣ್ಣಿನ ಕೆಲಸವು ಇಷ್ಟು ಶತಮಾನಗಳ ಮಳೆಗಾಲಗಳನ್ನು ತಾಳಿಕೊಂಡಿದೆ. ಸಿದ್ಧ, ಬಸವ ಎಂಬ ಎರಡು ತೂಬುಗಳ ಕಾಲುವೆಗಳಿಂದ ಕೆಳಗಿನ ಗದ್ದೆಗಳಿಗೆ ನೀರು ಹರಿಯುತ್ತದೆ. ದೂರದ ಚಿತ್ರದುರ್ಗದ ಜನರಿಗೂ ಇಲ್ಲಿಂದ ಕುಡಿಯುವ ನೀರು ಹೋಗುತ್ತದೆ.

ಈ ನೀರಿನ ಅಡಿಯಲ್ಲಿ ಸ್ವರ್ಗವತಿಯೆಂಬ ಪಟ್ಟಣವಿದ್ದಿತೆಂದು ಐತಿಹ್ಯ. ಅದನ್ನಾಳುತ್ತಿದ್ದ ವಿಕ್ರಮರಾಯನಿಗೆ ಶಾಂತವ್ವೆಯೆಂಬ ಮಗಳು. ತಂದೆಯ ಕೋಪಕ್ಕೆ ಗುರಿಯಾಗಿ ಲೋಕಾಪವಾದವನ್ನು ಹೊತ್ತ ಆಕೆಯು, ಅದರ ಪರಿಹಾರಾರ್ಥವಾಗಿ ಕೆರೆಯೊಂದನ್ನು ಕಟ್ಟಿಸಲು ಸಂಕಲ್ಪಿಸಿದಳು. ಆಕೆಯು ಆರಿಸಿದ ನೆಲದಲ್ಲಿ ಸೂಳೆಯರ ಕೇರಿಯಿದ್ದಿತು. ಅವರು ತಮ್ಮ ಮನೆಮಾರುಗಳನ್ನು ಬಿಟ್ಟುಕೊಡಲು ಒಪ್ಪಿದರು. ಕೆರೆಗೆ ತಮ್ಮ ಹೆಸರಿರಬೇಕೆಂದು ಮಾತ್ರ ಕೇಳಿದರು. ಕೆರೆ ತುಂಬಿತು, ಕೇರಿ ಮುಳುಗಿತು, ಪಟ್ಟಣವೂ ಮುಳುಗಿತು. ಹೆಸರು ನಿಂತಿತು.

ಇದು ಐತಿಹ್ಯವೇ ಹೊರತು ಶಾಸನದ ಮಾತಲ್ಲ. ಆದರೂ ಇದರಲ್ಲಿ ಜನಮನಸ್ಸಿನ ಒಂದು ನ್ಯಾಯನಿರ್ಣಯವು ಅಡಗಿದೆ. ಸಾವಿರಾರು ಜನಕ್ಕೆ ಹಿತವಾಗುವ ಕೆಲಸಕ್ಕಾಗಿ ಕೆಲವರು ತಮ್ಮ ನೆಲೆಯನ್ನು ಕಳೆದುಕೊಳ್ಳಬೇಕಾದಾಗ, ಅವರಿಗೆ ಸಲ್ಲಬೇಕಾದುದೇನು? ಹೊನ್ನೂ ಹೊಲವೂ ಸಲ್ಲಬೇಕೆಂಬುದು ಸರಿಯೇ. ಆದರೆ ‘ಇಲ್ಲಿ ನಾವಿದ್ದೆವು’ ಎಂಬುದನ್ನು ಮುಂದಿನವರು ಮರೆಯಬಾರದೆಂಬುದು ಕೇಳಿದವರ ಬಯಕೆ. ಊರು ಅದಕ್ಕೆ ಒಪ್ಪಿತು. ಒಪ್ಪಿದ ಮಾತನ್ನು ಎಷ್ಟೋ ತಲೆಮಾರುಗಳ ರೈತರು, ಗಾಡಿಯವರು, ಮೀನುಗಾರರು ತಮ್ಮ ನಾಲಗೆಯಲ್ಲಿಯೇ ನಡೆಸಿಕೊಂಡು ಬಂದರು.

ಈಚೆಗೆ ಈ ಹೆಸರು ಸಭ್ಯರ ಕಿವಿಗೆ ಒರಟಾಗಿ ಕೇಳತೊಡಗಿ, ಫಲಕಗಳಲ್ಲಿಯೂ ಕಾಗದಪತ್ರಗಳಲ್ಲಿಯೂ ‘ಶಾಂತಿಸಾಗರ’ವೆಂಬ ಹೆಸರು ರೂಢಿಗೆ ಬಂದಿದೆ. ಅದು ಶಾಂತವ್ವೆಯ ನೆನಪನ್ನು ಹಿಡಿದಿರುವುದರಿಂದ ಅಯೋಗ್ಯವಾದ ಹೆಸರೇನೂ ಅಲ್ಲ. ಆದರೆ ಕಟ್ಟಿಸಿದವಳ ಹೆಸರನ್ನು ಮಾತ್ರ ಉಳಿಸಿ ಬಿಟ್ಟುಕೊಟ್ಟವರ ಹೆಸರನ್ನು ಅಳಿಸುವುದು ಸರಿಯೇ ಎಂಬ ಪ್ರಶ್ನೆಯು ಹಾಗೆಯೇ ನಿಲ್ಲುತ್ತದೆ. ಕನ್ನಡದ ಹಳೆಯ ಶಾಸನಗಳನ್ನು ನೋಡಿದರೆ, ದೇವಾಲಯಗಳ ಸೇವೆಯಲ್ಲಿದ್ದ ಸೂಳೆಯರು ದಾನಗಳನ್ನು ಪಡೆದವರಾಗಿಯೂ ತಾವೇ ದಾನಮಾಡಿದವರಾಗಿಯೂ ಕಾಣುತ್ತಾರೆ. ಶಬ್ದವು ಹೀನಾರ್ಥವನ್ನು ತಳೆದುದು ಕಾಲದ ದೋಷವಲ್ಲದೆ ಕೇರಿಯ ದೋಷವಲ್ಲ. ಸುತ್ತಲ ಹಳ್ಳಿಗಳ ಜನರಾದರೋ ಯಾವ ತರ್ಕವನ್ನೂ ಹೂಡದೆ ಇಂದಿಗೂ ಸೂಳೆಕೆರೆಯೆಂದೇ ಹೇಳುತ್ತಾರೆ.

ಹೀಗೆ ಒಂದರ ಹಿತಕ್ಕೆ ಇನ್ನೊಂದು ಮುಳುಗುವ ಚರಿತ್ರೆಯು ಶಾಂತವ್ವೆಯ ಕಾಲಕ್ಕೇ ಮುಗಿಯಲಿಲ್ಲ. ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ 1947ರಲ್ಲಿ ಭದ್ರಾ ಅಣೆಕಟ್ಟಿನ ಕೆಲಸವು ಮೊದಲಾಗಿ 1965ರ ವೇಳೆಗೆ ಪೂರ್ಣವಾಯಿತು. ಅದರ ಕಾಲುವೆಗಳಿಂದ ಒಂದು ಲಕ್ಷ ಹೆಕ್ಟೇರಿಗೂ ಮೀರಿದ ನೆಲವು ನೀರು ಕಂಡಿತು. ಚನ್ನಗಿರಿ ಸೀಮೆಯು ಆ ಭಾಗ್ಯದಲ್ಲಿ ಪಾಲುಪಡೆಯಿತು. ರಾಗಿ, ಜೋಳಗಳ ಹೊಲಗಳು ಬತ್ತದ ಗದ್ದೆಗಳಾದವು. ಬತ್ತದ ಗದ್ದೆಗಳು ಅಡಕೆಯ ತೋಟಗಳಾದವು. ಇದೇ ನೀರಿಗಾಗಿ ಅಣೆಕಟ್ಟಿನ ಮೇಲ್ಗಡೆಯ ಕಾಡಿನಂಚಿನ ಹಳ್ಳಿಗಳು ಮುಳುಗಿದವು; ಅಲ್ಲಿಯ ಒಕ್ಕಲುಗಳು ಬೇರೆಡೆಗೆ ಎದ್ದುಹೋದುವು. ಕಾಲುವೆಯ ಕೆಳಗಿನವರು ಆ ಹಳ್ಳಿಗಳ ಹೆಸರನ್ನು ಕೇಳಿದವರೂ ಅಲ್ಲ. ಸೂಳೆಕೆರೆಯ ನೀರನ್ನುಣ್ಣುವವರಿಗೆ ತಮ್ಮ ಋಣವು ಯಾರದೆಂದು ಹೆಸರೇ ಹೇಳುತ್ತದೆ. ಭದ್ರೆಯ ನೀರನ್ನುಣ್ಣುವವರಿಗೆ ಹಾಗೆ ಹೇಳುವ ಹೆಸರಿಲ್ಲ.

ನಲ್ಲೂರು ಮುಂತಾದ ಊರುಗಳಲ್ಲಿ ನಡೆದುದು ಈ ಮೆಲ್ಲನೆಯ ಬಗೆಯ ಮಾರ್ಪಾಟು. ‘ನಲ್’ ಎಂಬ ಹಳೆಯ ಮಾತಿಗೆ ಒಳ್ಳೆಯದೆಂಬ ಅರ್ಥವಿರುವುದಷ್ಟೆ. ಇಂತಹ ಒಳ್ಳೆಯೂರುಗಳು ಹಾಳಾಗಲಿಲ್ಲ, ಬೆಳೆದವು. ಆದರೆ ಊರ ಹೊರಗೆ ಸುಗ್ಗಿಯ ತಿಂಗಳಲ್ಲಿ ಮೇಟಿಯ ಸುತ್ತ ಎತ್ತುಗಳು ತಿರುಗುತ್ತಿದ್ದ ಕಣವೆಲ್ಲಿ? ರಾಗಿಯನ್ನು ವರ್ಷಗಟ್ಟಲೆ ಕೆಡದಂತೆ ಹುಗಿದಿಡುತ್ತಿದ್ದ ಹಗೇವು ಎಲ್ಲಿ? ಕಪಿಲೆಯ ಬಾವಿ, ಎತ್ತಿನ ಗಾಣ, ದಾರಿಹೋಕರ ಗಾಡಿಗಳು ಬಿಡುತ್ತಿದ್ದ ಗುಂಡುತೋಪು, ಇವು ಎಲ್ಲಿದ್ದುವೆಂದು ತೋರಿಸಲು ಈಗ ಮುದುಕರೇ ಬೇಕು. ಮುದುಕರಾದರೂ ತೋಟದ ಬೇಲಿಯ ಬಳಿ ನಿಂತು, ಅಡಕೆಯ ಸಾಲುಗಳ ಕಡೆಗೆ ಕೈತೋರಿಸಿ, ‘ಅಲ್ಲೆಲ್ಲೋ ಇತ್ತು’ ಎನ್ನುವುದಷ್ಟೆ.

ಆದರೆ ಹಳೆಯದನ್ನು ನೆನೆಯುವಾಗ ಸತ್ಯವನ್ನು ಮರೆಯಬಾರದು. ಆ ಕಣದಲ್ಲಿ ರಾಶಿಪೂಜೆಯ ಸಂಭ್ರಮವಿದ್ದಂತೆಯೇ, ಒಡೆಯನ ಪಾಲು ಮೊದಲು ಅಳೆದುಹೋಗಿ ಗೇಯ್ದವನಿಗೆ ಅಡಿಯ ಮಣ್ಣುಗಾಳು ಉಳಿಯುತ್ತಿದ್ದ ದಿನಗಳೂ ಇದ್ದವು. ಪಟೇಲ ಶಾನುಭೋಗರು ಕುಳಿತು ನ್ಯಾಯ ಹೇಳುತ್ತಿದ್ದ ಚಾವಡಿಯ ಕಟ್ಟೆಯನ್ನು ಏರಲಾರದೆ ಹೊರಗೇ ನಿಲ್ಲಬೇಕಾದ ಜನರಿದ್ದರು. ವಂಶಪಾರಂಪರ್ಯದ ಗ್ರಾಮಾಧಿಕಾರಗಳನ್ನು 1961ರ ಕಾಯಿದೆಯು ತೆಗೆದುಹಾಕಿತು. 1974ರ ಭೂಸುಧಾರಣೆಯು ಉಳುವವನಿಗೆ ನೆಲವನ್ನು ಕೊಟ್ಟಿತು. ಚಾವಡಿಯು ಬಿದ್ದುದಕ್ಕೆ ಒಂದು ಮನೆಯವರು ನಿಟ್ಟುಸಿರಿಟ್ಟರೆ, ಇನ್ನೊಂದು ಕೇರಿಯವರು ನೆಮ್ಮದಿಯ ಉಸಿರನ್ನೇ ಬಿಟ್ಟಿರಬಹುದು. ಹಗೇವು ಬೇಕಾಗಿದ್ದುದು ಬರಗಾಲದ ಭಯದಿಂದ. ಆ ಭಯವು ತೊಲಗಿದ್ದಕ್ಕೆ ಯಾರೂ ವ್ಯಥೆಪಡಬೇಕಾದುದಿಲ್ಲ. ಆದಕಾರಣ ಹೋದುದೆಲ್ಲವೂ ಮರಳಿ ಬರಲೆಂಬುದು ವಿವೇಕದ ಮಾತಲ್ಲ. ಹೋದುದು ಇದ್ದಿತೆಂಬುದು ಮಾತ್ರ ಉಳಿಯಬೇಕು. ಅದರ ಸುಖದೊಡನೆ ಅದರ ಅನ್ಯಾಯವೂ ತಿಳಿದಿರಬೇಕು.

ಅದನ್ನು ಉಳಿಸುತ್ತಿದ್ದುದು ಠಾವಿನ ಹೆಸರು. 1863ರಲ್ಲಿ ಮೈಸೂರು ಸೀಮೆಯ ಕಂದಾಯದ ಸರ್ವೆಯು ಮೊದಲಾದಂದಿನಿಂದ ಹೊಲಗಳಿಗೆ ನಂಬರುಗಳು ಬಂದವು. ಲೆಕ್ಕಕ್ಕೆ ಅದು ಅವಶ್ಯಕವೇ. ಆದರೂ ಜನರು ಬಹುಕಾಲ ತಮ್ಮ ಹೊಲಗಳನ್ನು ಹುಣಸೆಮರದ ಹೊಲ, ಗಾಣದ ಹೊಲ, ಹಾಳೂರ ಹೊಲವೆಂದೇ ಕರೆದರು. ಮರವು ಬಿದ್ದು ಗಾಣವು ನಿಂತು ಎಷ್ಟೋ ಕಾಲವಾದರೂ ಹೆಸರಿನಲ್ಲಿ ಅವು ಬದುಕಿದ್ದವು. ರೈಸ್ ಸಾಹೇಬರು 1902ರಲ್ಲಿ ಪ್ರಕಟಿಸಿದ ಶಾಸನಸಂಪುಟದಲ್ಲಿ ಚನ್ನಗಿರಿ ತಾಲ್ಲೂಕಿನ ಶಾಸನಗಳೂ ಸೇರಿವೆ. ಇಂತಹ ಶಾಸನಗಳಲ್ಲಿ ದತ್ತಿ ಬಿಟ್ಟ ನೆಲದ ಎಲ್ಲೆಯನ್ನು ಹೇಳುವಾಗ ಹಳ್ಳ, ಮರ, ಕಲ್ಲು, ಕಟ್ಟೆಗಳನ್ನು ಒಂದೊಂದಾಗಿ ಹೆಸರಿಸುವ ಪದ್ಧತಿಯಿದೆ. ಆ ಮರಗಳೂ ಕಟ್ಟೆಗಳೂ ಇಲ್ಲ. ಆದರೆ ಕಲ್ಲಿನ ಮೇಲೆ ಅವುಗಳ ಹೆಸರನ್ನು ಕೊರೆದವನ ದಯೆಯಿಂದ ಚರಿತ್ರಕಾರನು ಇಂದಿಗೂ ಆ ಊರಿನ ಸುತ್ತ ಮನಸ್ಸಿನಲ್ಲಿಯೇ ನಡೆದುಬರಬಲ್ಲನು. ಈಗಿನ ಊರುಗಳಿಗೆ ಅಂತಹ ಕಲ್ಲುಗಳಿಲ್ಲ.

ಆಡಳಿತದ ಹೆಸರುಗಳೂ ನಿಲ್ಲುವುವಲ್ಲ. ಬಹುಕಾಲ ಶಿವಮೊಗ್ಗ ಜಿಲ್ಲೆಗೆ ಸೇರಿದ್ದ ಚನ್ನಗಿರಿ, ಹೊನ್ನಾಳಿಗಳು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿದವು. ಚಿತ್ರದುರ್ಗದ ಜಗಳೂರೂ ಅಂದೇ ಅದರಲ್ಲಿ ಕೂಡಿತು. ಹೊನ್ನಾಳಿಯೊಳಗಿದ್ದ ನ್ಯಾಮತಿಯು ಈಚೆಗೆ ಬೇರೆ ತಾಲ್ಲೂಕಾಯಿತು. ಕದಲದೆ ಮನೆಯಲ್ಲಿಯೇ ಇದ್ದವರ ವಿಳಾಸವು ಹೀಗೆ ಬದಲಾಯಿತು. ಜಿಲ್ಲೆಯ ಹೆಸರು ಸರಕಾರದ ಆಜ್ಞೆಯಿಂದ ಬರುತ್ತದೆ, ಆಜ್ಞೆಯಿಂದ ಹೋಗುತ್ತದೆ. ಹೊಲದ ಹೆಸರು, ಕಟ್ಟೆಯ ಹೆಸರು ಹಾಗಲ್ಲ. ಅವನ್ನು ಇಟ್ಟವರಾರೆಂದು ತಿಳಿಯದು. ಆಡುವವರು ನಿಂತ ದಿನ ಅವು ಸದ್ದಿಲ್ಲದೆ ಹೋಗುತ್ತವೆ.

ಇದಕ್ಕೆ ಮಾಡಬೇಕಾದ ಕೆಲಸವು ದೊಡ್ಡದಲ್ಲ. ಪ್ರತಿಯೊಂದು ಊರಿನಲ್ಲಿಯೂ ಪಾಠಶಾಲೆಯ ಮಕ್ಕಳು ಹಿರಿಯರೊಡನೆ ಎಲ್ಲೆಕಟ್ಟನ್ನು ಒಮ್ಮೆ ಸುತ್ತಿಬಂದು, ಹೊಲ, ಹಳ್ಳ, ಬಾವಿ, ಕಟ್ಟೆ, ಹಾಳೂರುಗಳ ಹೆಸರನ್ನು ಗ್ರಾಮದ ನಕಾಶೆಯ ನಂಬರುಗಳ ಎದುರಿಗೆ ಬರೆದಿಟ್ಟರೆ ಸಾಕು. ಯಾವ ಕೇರಿಯವರು ಯಾವ ಠಾವನ್ನು ಏನೆಂದು ಕರೆಯುತ್ತಿದ್ದರೆಂಬುದನ್ನು ಎಲ್ಲ ಕೇರಿಗಳಿಂದಲೂ ಕೇಳಿ ಬರೆಯಬೇಕು. ಒಂದು ಕೇರಿಗೆ ಸುಖದ ಠಾವಾಗಿದ್ದುದು ಇನ್ನೊಂದಕ್ಕೆ ಕಷ್ಟದ ಠಾವಾಗಿದ್ದಿರಬಹುದು. ಹೆಸರು ಕಿವಿಗೆ ಹಿತವೋ ಅಹಿತವೋ ಎಂದು ಆರಿಸದೆ ಇದ್ದುದನ್ನು ಇದ್ದಂತೆ ಬರೆಯಬೇಕು. ತಮ್ಮ ಕೇರಿಯನ್ನು ನೀರಿಗೆ ಬಿಟ್ಟವರು ಕೇಳಿದುದು ಇಷ್ಟೇ. ಅಷ್ಟನ್ನು ನಡೆಸುವುದು ಕೆರೆಯ ನೀರನ್ನು ಕುಡಿಯುವ ಊರುಗಳಿಗೆ ಭಾರವಾಗಲಾರದು.